ಡಗ್ಗಕ್ಕೊಂದು ಪೆಟ್ಟಿಗೆ

ಆ ಕ್ಯಾಸೆಟ್ ನಮ್ಮ ಮನೆಗೆ ಬಾರದಿದ್ದರೇ ಚೆನ್ನಾಗಿತ್ತು ಎಂದು ನಾನು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ. ತಂದುಕೊಟ್ಟವರ ಮೇಲೆ ನನಗೆ ದ್ವೇಷವಿಲ್ಲ. ಅವರು ಶಿರಾಳಕೊಪ್ಪದ ಬಟ್ಟೆ ವ್ಯಾಪಾರಿ, ನಾಟಕದ ಹುಚ್ಚಿನವರು. ಕಂಪನಿ ನಾಟಕದ ಕ್ಯಾಂಪು ಅವರೂರಿನಲ್ಲಿದ್ದಾಗ ಸ್ಟೇಜಿನ ಅಂಚಿನಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಾಡುಗಳನ್ನು ತುಂಬಿಕೊಂಡಿದ್ದರಂತೆ. ಆ ಹಾಡುಗಳಿಗೆ ತಬಲಾ ನುಡಿಸಿದ್ದವನು ನಮ್ಮಪ್ಪ. ಅಪ್ಪನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತೆಂಬ ಸುದ್ದಿ ಕೇಳಿ, ಪಾಪ, ತನ್ನ ಕೈಯನ್ನು ತಾನೇ ಕೇಳಿ ಸಮಾಧಾನಪಡಲಿ ಎಂದು ಅದನ್ನು ಶಿಕಾರಿಪುರದ ನಮ್ಮ ಮನೆಗೇ ತಂದುಕೊಟ್ಟರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಅದರಿಂದ ನಮ್ಮ ಮನೆಗೆ ಬೆಂಕಿ ಬಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅದೇ ಅಂಗಡಿಯಿಂದ ಮದುವೆಗೆ, ಸಭೆಗೆ ಮೈಕ್ ಸೆಟ್ಟೂ ಬಾಡಿಗೆಗೆ ಹೋಗುತ್ತಿತ್ತು. ಊರಿನವರ ರೇಡಿಯೋಗಳೆಲ್ಲ ನನ್ನ ಕೈಯಲ್ಲಿ ಹಾಡುತ್ತಿದ್ದರೂ ಕ್ಯಾಸೆಟ್ ಹಾಕುವ ಯಂತ್ರ ನಮ್ಮ ಮನೆಯಲ್ಲಿರಲಿಲ್ಲ. ಇದ್ದದ್ದು ಪಕ್ಕದ ಮನೆಯವರ ಅಂಬಾಸಿಡರ್ ಟ್ಯಾಕ್ಸಿಯಲ್ಲಿ. ಅವರದು ಬೆಲ್ಲ, ಬೇಳೆ ವ್ಯಾಪಾರದ ಹಳೆಯ ಮುಸ್ಲಿಂ ಮನೆತನ. ಅಣ್ಣ ಗಲ್ಫಿನಲ್ಲಿದ್ದರು, ತಮ್ಮ ಟ್ಯಾಕ್ಸಿ ಓಡಿಸುತ್ತಿದ್ದರು. ಅಣ್ಣ ಕಳಿಸಿದ ಕ್ಯಾಸೆಟ್ ಪ್ಲೇಯರನ್ನು ತಮ್ಮನ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿಕೊಟ್ಟವನೂ ನಾನೇ. ನಾನು ಅವರನ್ನು ಭಾಯ್ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮ ಎನ್ನುತ್ತಿದ್ದರು.

ವಾರಕ್ಕೊಮ್ಮೆ ಆ ಕಾರಿನಲ್ಲಿ ಅಪ್ಪನನ್ನು ಸೊರಬಕ್ಕೆ ಕರೆದೊಯ್ಯುತ್ತಿದ್ದೆವು. ಅಲ್ಲಿ ಲಕ್ವಕ್ಕೆ ಎಣ್ಣೆ ತಿಕ್ಕಿ, ಸತ್ತ ಬೆರಳುಗಳನ್ನು ಒಂದೊಂದಾಗಿ ಎಬ್ಬಿಸಲು ನೋಡುವ ನಾಟಿ ವೈದ್ಯರಿದ್ದರು. ಬೆರಳು ಮಿಸುಕುತ್ತಿದ್ದವು ಕೂಡ. ಮನೆಯಲ್ಲಿ ದಿನಾ ಬೆಳಿಗ್ಗೆ ಸಂಜೆ ಕೈ ಆಡಿಸಿದರೆ ತುತ್ತು ಎತ್ತುವಷ್ಟಾದರೂ ಬರುತ್ತದೆ, ಬಿಟ್ಟರೆ ಕಟ್ಟಿಗೆಯಾಗುತ್ತದೆ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಅಪ್ಪ ಮೊದಮೊದಲು ಹಟ ಹಿಡಿದು ಆಡಿಸುತ್ತಿದ್ದ.

ಕ್ಯಾಸೆಟ್ಟನ್ನು ಮೊದಲ ಸಲ ಕೇಳಿದ್ದು ಸೊರಬಕ್ಕೆ ಹೋಗುವ ದಾರಿಯಲ್ಲಿ. ನಾನು ಮದುವೆ ಮನೆಯವನ ಹಾಗೆ ಸಂಭ್ರಮಪಡುತ್ತ ಗುಂಡಿ ಒತ್ತಿದೆ. ಹಾರ್ಮೋನಿಯಂ ಬಂತು, ಹಾಡು ಬಂತು, ಟಕಟಕ ಎಂದು ತಬಲಾ ಬಂತು. ಅಪ್ಪ ಕಿವಿಗೊಟ್ಟು ಕೂತ. ಒಂದು ಹಾಡು ಪೂರ್ತಿ ಕೇಳಿದ.

"ಯಾರು ಬಾರ್ಸಿದ್ದು ಇದು?" ಎಂದ.

"ಇನ್ಯಾರು, ನೀನೇ ಅಪ್ಪ."

"ನಾನಲ್ಲ. ಇವ್ನಿಗೆ ಎಡಗೈನೇ ಇಲ್ಲ."

ತಬಲಾದ ಜೋಡಿಯಲ್ಲಿ ಬಲಗೈಗೆ ಚಿಕ್ಕದು, ಎಡಗೈಗೆ ದೊಡ್ಡದು. ಆ ದೊಡ್ಡದೇ ಡಗ್ಗ. ಬಲಗೈ ಚೆನ್ನಾಗಿರುವವರು ಕಂಪನಿಗಳಲ್ಲಿ ಬೇಕಾದಷ್ಟು ಜನರಿದ್ದರು. ಅಪ್ಪನ ಹೆಸರು ನಿಂತಿದ್ದು ಎಡಗೈ ಮೇಲೆ. ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಜಾರಿಸುತ್ತ ಅವನು ಆ ಗುಂಕಾರವನ್ನು ಬಗ್ಗಿಸುತ್ತಿದ್ದ ರೀತಿಗೆ, ಹಿಂದಿನ ಸಾಲಿನ ಚಾಪೆಯ ಜನ ಹಾಡು ಬಿಟ್ಟು ಅವನ ಕಡೆ ನೋಡುತ್ತಿದ್ದರು. ಕಾರಿನ ಹಿಂದಿನ ಗಾಜಿನ ಕೆಳಗಿದ್ದ ಅಂಗೈಯಗಲದ ಸ್ಪೀಕರಿಗೆ ಆ ಗುಂಕಾರ ಎತ್ತುವ ಶಕ್ತಿಯೇ ಇರಲಿಲ್ಲ. ನನಗೆ ಅದು ತಕ್ಷಣ ತಿಳಿಯಿತು. ಸ್ಪೀಕರ್ ಚಿಕ್ಕದು, ಕ್ಯಾಸೆಟ್ಟಿನಲ್ಲಿ ಐತಿ, ಇಲ್ಲಿ ಕೇಳ್ತಿಲ್ಲ ಅಷ್ಟೆ ಎಂದು ಬಿಡಿಸಿ ಹೇಳಿದೆ. ಅಪ್ಪ ಕಿಟಕಿ ಕಡೆ ತಿರುಗಿದ.

"ಅಂದ್ರೆ ಎಡಗೈ ಆಗ್ಲೂ ಇರ್ಲಿಲ್ಲ ಅಂತ ಆತು," ಎಂದ.

ಅವತ್ತಿನಿಂದ ಕೈ ಆಡಿಸುವುದನ್ನು ಬಿಟ್ಟ. ಎಣ್ಣೆ ಹಿಡಿದು ಹೋದರೆ ಬೆನ್ನು ತಿರುಗಿಸಿ ಮಲಗುತ್ತಿದ್ದ. ಇಲ್ಲದ ಕೈಗೆ ಎಣ್ಣೆ ಯಾಕೆ ದಂಡ ಮಾಡ್ತೀಯ ಎಂದು ಗೋಡೆಗೆ ಹೇಳುತ್ತಿದ್ದ. ನನ್ನ ಸಿಟ್ಟು ಬಾಯಲ್ಲಿ ಬರುವಂಥದ್ದು; ಕೂಗಾಡಿ ಮುಗಿಸಿಬಿಡುತ್ತೇನೆ. ಅಪ್ಪನ ಸಿಟ್ಟು ಬೆನ್ನಿನಲ್ಲಿತ್ತು. ಆ ಬೆನ್ನಿನ ಜೊತೆ ಜಗಳವಾಡಿ ಗೆದ್ದವರು ಯಾರೂ ಇಲ್ಲ. ಸೊರಬಕ್ಕೆ ಬರುವುದನ್ನು ಮಾತ್ರ ತಪ್ಪಿಸಲಿಲ್ಲ. ಭಾಯ್ ಬಂದು ಬಾಗಿಲಲ್ಲಿ ನಿಂತರೆ ಅವರ ಮುಖಕ್ಕೆ ಇಲ್ಲವೆನ್ನಲು ಆಗುತ್ತಿರಲಿಲ್ಲ, ಅದಕ್ಕೆ.

ನನಗೆ ಹುಚ್ಚು ಹಿಡಿದಂತಾಯಿತು. ಆ ಎಡಗೈ ಕ್ಯಾಸೆಟ್ಟಿನ ಒಳಗೆ ಇದೆ, ಇದ್ದೂ ಇಲ್ಲವೆನ್ನಿಸಿಕೊಳ್ಳುತ್ತಿದೆ, ಹೊರಗೆ ತೆಗೆದು ಈ ಮನುಷ್ಯನ ಕಿವಿಗೆ ತುರುಕದಿದ್ದರೆ ನಾನು ಕಲಿತ ಕೆಲಸಕ್ಕೆ ಬೆಂಕಿ ಹಾಕಬೇಕು ಎಂದುಕೊಂಡೆ. ಅಂಗಡಿಯ ಅಟ್ಟದ ಮೇಲೆ ಟೂರಿಂಗ್ ಟಾಕೀಸಿನವರು ಬಿಟ್ಟುಹೋದ ಮೊರದಗಲದ ಸ್ಪೀಕರೊಂದು ಬಿದ್ದಿತ್ತು. ಜೀಪಿನಲ್ಲಿ ಪ್ರಚಾರಕ್ಕೆ ಹೋಗುವಾಗ ಬ್ಯಾಟರಿಯಿಂದ ನಡೆಸುವ ಹಳೆಯ ಆಂಪ್ಲಿಫೈಯರೂ ಇತ್ತು. ಎರಡನ್ನೂ ಮಾಲೀಕರನ್ನು ಕೇಳಿ ತೆಗೆದುಕೊಂಡೆ. "ಮುದುಕನ ಪಾಡಿಗೆ ಮುದುಕನ್ನ ಬಿಡೋ, ಇನ್ನೆಷ್ಟು ದಿನ," ಎಂದು ಅವರು ನಕ್ಕರು. ಆ ನಗುವಿಗೆ ಅವತ್ತೇ ಕೆಲಸ ಬಿಡಬೇಕಿತ್ತು. ಸ್ಪೀಕರಿನ ಆಸೆಗೆ ಬಾಯಿ ಮುಚ್ಚಿಕೊಂಡೆ.

ಈಗಿನವರು ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ ಇಟ್ಟುಕೊಂಡು ಬೀದಿ ನಡುಗಿಸುತ್ತಾರೆ. ನಮಗೆ ಆ ಹೆಸರೂ ಗೊತ್ತಿರಲಿಲ್ಲ, ಅದನ್ನು ಮಾಡುವ ಬಗೆ ಹೇಳಿಕೊಡುವವರೂ ಇರಲಿಲ್ಲ. ಅಷ್ಟು ದೊಡ್ಡ ಸ್ಪೀಕರನ್ನು ಬರಿದೇ ಮೇಜಿನ ಮೇಲಿಟ್ಟು ರೇಡಿಯೋ ಹಾಡು ಹಾಕಿದರೆ ಅದೂ ಸೊಳ್ಳೆಯ ಹಾಗೆ ಗುಯ್‌ಗುಟ್ಟಿತು. ಸಿಟ್ಟಿನಿಂದ ಎತ್ತಿ ಹಿತ್ತಲಿಗೆ ಒಯ್ದು ಖಾಲಿ ಗುಡಾಣದ ಬಾಯಿಯ ಮೇಲೆ ಕುಕ್ಕಿದೆ. ತಂತಿ ಇನ್ನೂ ಜೋಡಿಸಿಯೇ ಇತ್ತು. ಗುಡಾಣ ಗುಂ ಎಂದಿತು. ನನ್ನ ಪಾಠ ಅಷ್ಟೇ. ಸ್ಪೀಕರು ಮುಂದಕ್ಕೂ ಸದ್ದು ಮಾಡುತ್ತದೆ, ಹಿಂದಕ್ಕೂ ಮಾಡುತ್ತದೆ. ಎರಡೂ ಸೇರಿದರೆ ದಪ್ಪ ಸದ್ದನ್ನು ತಿಂದುಹಾಕುತ್ತವೆ. ಹಿಂದಿನ ಸದ್ದನ್ನು ಒಂದು ಗಟ್ಟಿ ಪೆಟ್ಟಿಗೆಯಲ್ಲಿ ಸೆರೆ ಹಾಕಬೇಕು, ಗಾಳಿ ಸುಳಿಯಬಾರದು.

ಗುಡಾಣವನ್ನು ಕಾರಿಗೆ ಹಾಕಲು ಬರುವುದಿಲ್ಲ. ಭಾಯ್ ಡಿಕ್ಕಿ ಬಿಟ್ಟುಕೊಡಲು ಒಪ್ಪಿದರು. ನಾನು ಒಳಗೆ ತೂರಿಕೊಂಡು ಕೋಲಿನಿಂದ ಉದ್ದ, ಅಗಲ, ಎತ್ತರ ಎಲ್ಲ ಅಳೆದೆ. ಪೆಟ್ಟಿಗೆ ದೊಡ್ಡದಾದಷ್ಟೂ ಒಳ್ಳೆಯದೆಂದು ಒಂದಿಂಚೂ ಬಿಡದೆ ಲೆಕ್ಕ ಹಾಕಿ, ಕುಪ್ಪಗಡ್ಡೆಯ ಬಡಗಿಯೊಬ್ಬರಿಗೆ ಕೊಟ್ಟೆ. ಸೊರಬದ ವೈದ್ಯರೇ ತೋರಿಸಿಕೊಟ್ಟ ಬಡಗಿ, ಬಾಗಿಲು ಚೌಕಟ್ಟಿನಲ್ಲಿ ಪಳಗಿದವರು. ಹಲಸಿನ ದಪ್ಪ ಹಲಗೆಯಲ್ಲಿ ಅವರು ಮಾಡಿಟ್ಟಿದ್ದ ಪೆಟ್ಟಿಗೆ ನೋಡಿದರೆ ಕಣ್ಣು ತಣ್ಣಗಾಗುತ್ತಿತ್ತು. ಅಪ್ಪನನ್ನು ವೈದ್ಯರಲ್ಲಿ ಬಿಟ್ಟು ನಾನೂ ಭಾಯೂ ಕಾರು ತೆಗೆದುಕೊಂಡು ಹೋದೆವು.

ಪೆಟ್ಟಿಗೆ ಡಿಕ್ಕಿಯೊಳಗೆ ಹೋಗಲಿಲ್ಲ. ಉದ್ದಕ್ಕೆ ಹಿಡಿದೆವು, ಅಡ್ಡಕ್ಕೆ ಹಿಡಿದೆವು, ಓರೆ ಮಾಡಿ ನೂಕಿದೆವು. ಒಳಗಿನ ಜಾಗವನ್ನೆಲ್ಲ ಅಳೆದವನು ಡಿಕ್ಕಿಯ ಬಾಯಿಯನ್ನೇ ಅಳೆದಿರಲಿಲ್ಲ. ಬಡಗಿ ತಮ್ಮ ಮಡಿಸುವ ಅಳತೆ ಪಟ್ಟಿ ತಂದು ಬಾಯಿಗೆ ಹಿಡಿದು, "ಹಿಂಗೆ ಅಳೀಬೇಕಿತ್ತಾ ಮಾರಾಯ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾಯ್ ತಮ್ಮ ಕಾರಿನ ಬಣ್ಣ ಕೆರೆದುಹೋಯಿತೇ ಎಂದು ಎಂಜಲು ಹಚ್ಚಿ ಉಜ್ಜುತ್ತಿದ್ದರು. ನಾನು ಆ ಚೆಂದದ ಪೆಟ್ಟಿಗೆಗೆ ಜಾಡಿಸಿ ಒದ್ದೆ. ಹಲಸು ಗಟ್ಟಿ ಮರ, ಹೆಬ್ಬೆರಳಿನ ಉಗುರು ಕಪ್ಪಾಯಿತು.

ಗೂಡಿನಂತಿದ್ದ ಕೆಲಸದ ಚಪ್ಪರದ ಕೆಳಗೆ ಬಡಗಿಯ ತಾಯಿ ಕೂತಿದ್ದರು. ವಯಸ್ಸಾದವರು, ಅಡಿಕೆ ಕತ್ತರಿಸುತ್ತ ನಮ್ಮ ಪೇಚಾಟ ನೋಡುತ್ತಿದ್ದವರು, ನನ್ನನ್ನು ಕರೆದು ನೀರು ಕೊಟ್ಟು, ಯಾರಿಗೆ ಇದೆಲ್ಲ ಎಂದು ಕೇಳಿದರು. ಅಪ್ಪನ ವಿಷಯ ಹೇಳಿದೆ. ಲಕ್ವದ ಮಾತು ಬಂದಾಗ ಅವರು ಅಡಿಕೆ ಕತ್ತರಿ ಕೆಳಗಿಟ್ಟು ಪೂರಾ ಕೇಳಿಸಿಕೊಂಡರು.

ಪೆಟ್ಟಿಗೆಯನ್ನು ಕೊಯ್ದು ಚಿಕ್ಕದು ಮಾಡಬೇಕಾಯಿತು. ಈ ಸಲ ನಾನು ಬಡಗಿಯ ತಲೆ ತಿಂದುಬಿಟ್ಟೆ. ಸ್ಪೀಕರನ್ನು ಅವರ ಹತ್ತಿರವೇ ಬಿಟ್ಟೆ, ಅದರ ಅಳತೆಗೇ ಮುಂದಿನ ಹಲಗೆ ಕೊರೆದು ಬಿಗಿಯಲಿ ಎಂದು. ತಂತಿ ಹೊರಗೆ ಬರುವ ತೂತಿಗೂ ಅರಗು ತುಂಬಬೇಕು, ಹಿಂದಿನ ಹಲಗೆಗೆ ಸುತ್ತ ಅಂಟು ಬಳಿದು ಒತ್ತೊತ್ತಾಗಿ ಮೊಳೆ ಹೊಡೆಯಬೇಕು, ಇರುವೆ ಕೂಡ ಒಳಗೆ ಹೋಗಬಾರದು ಎಂದೆ. ಅವರು ಹಾಗೇ ಮಾಡಿದರು. ಮುಂದಿನ ಸಲ ಹೋದಾಗ ಪೆಟ್ಟಿಗೆ ಸಿದ್ಧವಾಗಿತ್ತು, ಡಿಕ್ಕಿಯ ಬಾಯಿಯಲ್ಲಿ ಬೆಣ್ಣೆಯ ಹಾಗೆ ಜಾರಿ ಕೂತಿತು. ಹಿಂದಿನ ಸೀಟಿನ ಬೆನ್ನಿಗಿದ್ದ ರಟ್ಟು ಕಿತ್ತು, ಸ್ಪೀಕರಿನ ಮುಖ ಸೀಟಿಗೆ ತಾಗುವಂತೆ ಇಟ್ಟು, ತಂತಿ ಜೋಡಿಸಿ ಯಾವುದೋ ಸಿನಿಮಾ ಹಾಡು ಹಾಕಿದೆ. ಭಾಯ್ ಹಿಂದೆ ಕೂತಿದ್ದವರು ಎದೆ ಮುಟ್ಟಿಕೊಂಡು, "ಇಲ್ಲಿ ಬಂದು ಬಡೀತದೆ ತಮ್ಮ," ಎಂದರು. ನಾನು ಅಪ್ಪನ ಕ್ಯಾಸೆಟ್ಟನ್ನು ಅಲ್ಲಿ ಹಾಕಲಿಲ್ಲ. ಮೊದಲು ಅವನೇ ಕೇಳಲಿ ಎಂಬ ಹಟ.

ಕುಪ್ಪಗಡ್ಡೆಯಿಂದ ಸೊರಬದವರೆಗೆ ರಸ್ತೆ ಎಂಬುದು ಹೆಸರಿಗೆ ಮಾತ್ರ. ಕುಲುಕಿ ಕುಲುಕಿ ಬಂದು ಅಪ್ಪನನ್ನು ಹತ್ತಿಸಿಕೊಂಡೆವು. ಊರು ದಾಟಿದ ಮೇಲೆ ಒಂದು ಮರದ ಕೆಳಗೆ ಕಾರು ನಿಲ್ಲಿಸಲು ಹೇಳಿದೆ, ಇಂಜಿನ್ನಿನ ಗುರುಗುಟ್ಟುವಿಕೆ ಡಗ್ಗವನ್ನು ನುಂಗಬಾರದೆಂದು. ಕ್ಯಾಸೆಟ್ ಹಾಕಿದೆ. ಹಾರ್ಮೋನಿಯಂ, ಹಾಡು, ಬಲಗೈ. ಆಮೇಲೆ ಎಡಗೈ ಬಿತ್ತು. ಗುಂ ಎಂದಿತು, ನಿಜ. ಆದರೆ ಅದರ ಬಾಲಕ್ಕೆ ಝರ್ರ್ ಎಂಬ ಕೊಳಕು ಸದ್ದೊಂದು ಅಂಟಿಕೊಂಡು ಬಂತು. ಮತ್ತೆ ಗುಂ, ಮತ್ತೆ ಝರ್ರ್. ಎಡಗೈ ಬಿದ್ದಲ್ಲೆಲ್ಲ, ಬೇರೆಲ್ಲೂ ಇಲ್ಲ.

ಅಪ್ಪನ ಮುಖ ಕಪ್ಪಿಟ್ಟಿತು. "ನನ್ನ ಡಗ್ಗಕ್ಕೆ ಗೆಜ್ಜೆ ಕಟ್ಟಿದ್ಯೇನೋ?" ಎಂದ. "ಕೈ ಹೋಗಿದ್ದು ಸಾಲ್ದು ಅಂತ ಕುಣಿಸ್ಬೇಕೂ ಅಂತ ಮಾಡಿದ್ಯ?"

"ಅಪ್ಪ, ಒಂದು ನಿಮಿಷ ತಡಿ, ಎಲ್ಲೋ ಒಂದು ಸ್ಕ್ರೂ ಸಡಿಲಾಗೈತಿ."

"ನಡೀರಿ ಸಾಹೇಬ್ರೆ, ಮನಿಗೆ ಹೋಗಾಣ," ಎಂದು ಅವನು ಭಾಯ್‌ಗೆ ಹೇಳಿದ. ಶಿಕಾರಿಪುರ ಬರುವವರೆಗೆ ನನಗೆ ಕಂಡದ್ದು ಅವನ ಬೆನ್ನು ಮಾತ್ರ.

ಆ ಝರ್ರ್‌ನ ಬೆನ್ನು ಹತ್ತಿ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಡಿಕ್ಕಿಯ ಬೀಗ ಇರಬೇಕೆಂದು ಬಟ್ಟೆ ಸುತ್ತಿದೆ. ನಂಬರ್ ಪ್ಲೇಟು ಬಿಚ್ಚಿದೆ. ಜಾಕು, ಸ್ಪ್ಯಾನರು, ಸ್ಟೆಪ್ನಿ ಎಲ್ಲ ತೆಗೆದು ಭಾಯ್ ಅಂಗಳದಲ್ಲಿ ಹರಡಿದೆ. ಸೀಟಿನ ಸ್ಪ್ರಿಂಗಿಗೆ ಗೋಣಿ ತುರುಕಿದೆ. ಝರ್ರ್ ಹೋಗಲಿಲ್ಲ. ಸ್ಪೀಕರಿನ ಕಾಗದವೇ ಹರಿದಿದೆ ಎಂದು ಟಾಕೀಸಿನವರ ಅಪ್ಪ ಅಮ್ಮನನ್ನೆಲ್ಲ ಎತ್ತಿ ಬೈದೆ. ಬಾಡಿಗೆಗೆ ಬಂದ ಗಿರಾಕಿ ಅಂಗಳದಲ್ಲಿ ಹರಡಿದ ಸಾಮಾನು ನೋಡಿ ವಾಪಸು ಹೋದಾಗ ಭಾಯ್‌ಗೂ ತಾಳ್ಮೆ ತಪ್ಪಿತು. "ತಮ್ಮ, ನಿನ್ ಪೆಟ್ಟಿಗಿ ಇಳಿಸ್ಕೊ. ನನ್ ಕಾರಾ, ನಿನ್ ಕಾರ್ಖಾನೆನಾ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಪೆಟ್ಟಿಗೆಯನ್ನು ಇಳಿಸಿ ನಮ್ಮ ಜಗುಲಿಯ ಮೇಲೆ ಬೋರಲು ಹಾಕಿ, ಉಳಿ ಸುತ್ತಿಗೆ ತಂದು ಹಿಂದಿನ ಹಲಗೆ ಎಬ್ಬಿಸತೊಡಗಿದೆ. ನಾನೇ ಹೇಳಿ ಹೊಡೆಸಿದ ಮೊಳೆಗಳು, ನಾನೇ ಹೇಳಿ ಬಳಿಸಿದ ಅಂಟು. ಹಲಗೆ ಚಕ್ಕೆ ಚಕ್ಕೆಯಾಗಿ ಬಂತು. ಒಳಗೆ ನೋಡಿದರೆ ಅಕ್ಕಿ.

ಒಂದು ಹಿಡಿಯಷ್ಟು ಅಕ್ಕಿ, ಒಂದು ಅರಿಶಿನದ ಕೊಂಬು, ಗಂಟು ಬಿಚ್ಚಿಹೋದ ಕೆಂಪು ಬಟ್ಟೆಯ ಚೂರು. ರಸ್ತೆಯ ಕುಲುಕಾಟಕ್ಕೆ ಗಂಟು ಕಳಚಿ, ಡಗ್ಗ ಮೊಳಗಿದಾಗಲೆಲ್ಲ ಆ ಕಾಳುಗಳು ಹಲಸಿನ ಹಲಗೆಯ ಮೇಲೆ ಕುಣಿದಿದ್ದವು. ಆ ಅಕ್ಕಿಯನ್ನೆಲ್ಲ ಬಳಿದು ಅದೇ ಬಟ್ಟೆಯಲ್ಲಿ ಕಟ್ಟಿ, ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹೇರಿ, ಕುಪ್ಪಗಡ್ಡೆಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಆರಿಸಿಕೊಳ್ಳುತ್ತ ಹೋದೆ.

ಬಡಗಿ ಗಂಟನ್ನು ನೋಡಿದ ಕೂಡಲೇ ತಾಯಿಯ ಕಡೆ ತಿರುಗಿದರು. ಆಕೆ ಎದ್ದು ಬಂದರು.

"ಅಮ್ಮಾ, ಇದನ್ನ ಒಳಗೆ ಹಾಕಿದ್ದು ನೀವಾ?" ಎಂದೆ. ನನ್ನ ದನಿ ಬೀದಿಗೆ ಕೇಳುವಷ್ಟಿತ್ತು. "ಇರುವೆ ಹೋಗಬಾರ್ದು ಅಂತ ಹೇಳಿದ್ದೆ. ನನ್ನ ಅಪ್ಪನ ಎದುರಿಗೆ ಮಾನ ಕಳೆದ್ರಿ. ತಿಂಗಳುಗಟ್ಟಲೆ ಮಾಡಿದ ಕೆಲಸ ಮಣ್ಣು ಮಾಡಿದ್ರಿ."

"ಹೂಂ, ನಾನೇ ಹಾಕಿದ್ದು," ಎಂದರು ಆಕೆ. ದನಿಯಲ್ಲಿ ನನಗಿಂತ ಕಡಿಮೆ ಸಿಟ್ಟೇನೂ ಇರಲಿಲ್ಲ. "ನಮ್ಮನೇಲಿ ಕಡಾಯ ಇಸ್ಕೊಂಡ್ರೂ ಖಾಲಿ ವಾಪಸ್ ಕೊಡದಿಲ್ಲ. ಅಂಥದ್ರಲ್ಲಿ ಹೊಸ ಪೆಟ್ಟಿಗೆ, ಅದೂ ಕೈ ಬಿದ್ದವ್ರ ಮನೆಗೆ ಹೋಗದು. ಬರಿದು ಕಳಸದಾ? ನಿಂಗೆ ಯಾರೂ ಹೇಳಿಕೊಡಲೇ ಇಲ್ವಾ ಮಾರಾಯ?"

"ಅದು ಸದ್ದು ಮಾಡೋ ಪೆಟ್ಟಿಗೆ ಅಮ್ಮಾ."

"ಪೆಟ್ಟಿಗೆ ಪೆಟ್ಟಿಗೆನೇ." ಗಂಟು ಇಸಿದುಕೊಂಡು ಬಿಚ್ಚಿ, ಅಕ್ಕಿಯನ್ನು ಅಂಗೈ ಮೇಲೆ ಹರಡಿ ನೋಡಿದರು. "ಇದನ್ನ ವಾಪಸ್ ತಂದಿದೀಯಲ್ಲ, ಅದು ಇನ್ನೂ ಕೆಟ್ಟದ್ದು. ಮನೆಗೆ ತಗಂಡು ಹೋಗಿ ಅನ್ನಕ್ಕೆ ಹಾಕಿ ನಿಮ್ಮಪ್ಪಂಗೆ ಉಣ್ಣಕ್ಕೆ ಇಡು."

ಆರಿಸಿಕೊಂಡು ಹೋಗಿದ್ದ ಬೈಗುಳಗಳೆಲ್ಲ ಬಾಯಲ್ಲೇ ಉಳಿದವು. ಸಿಟ್ಟು ಮಾತ್ರ ಇಳಿಯಲಿಲ್ಲ. ಅದನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯದೆ ಬಡಗಿಯ ಎದುರು ಕೂತು, ಹೊಸ ಹಲಗೆ ಕೂರಿಸುವವರೆಗೂ ಎದ್ದೇಳಲಿಲ್ಲ. ಈ ಸಲ ಮೊಳೆಯ ಬದಲು ಸ್ಕ್ರೂ ಹಾಕಿಸಿದೆ. ಮುಚ್ಚುವ ಮುನ್ನ ಒಳಗೆ ತಲೆ ಹಾಕಿ ನೋಡಿದೆ. ಅಕ್ಕಿಯನ್ನು ತಂದು ಮನೆಯಲ್ಲಿ ಅನ್ನಕ್ಕೆ ಹಾಕಿಸಿದೆ, ಅಪ್ಪನಿಗೆ ಏನೂ ಹೇಳಲಿಲ್ಲ. ಆಮೇಲೆ ಭಾಯ್ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಪೆಟ್ಟಿಗೆಯನ್ನು ಮತ್ತೆ ಡಿಕ್ಕಿಗೆ ಹಾಕಿದೆ.

ಮುಂದಿನ ಪ್ರಯಾಣದಲ್ಲಿ ನಾನು ಅಪ್ಪನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದ. ಶಿರಾಳಕೊಪ್ಪ ದಾಟಿ ಒಂದು ಕೆರೆ ಏರಿಯ ಮೇಲೆ ಭಾಯ್ ಕಾರು ನಿಲ್ಲಿಸಿ ಇಂಜಿನ್ ಬಂದ್ ಮಾಡಿದರು. ಅಪ್ಪ ಯಾಕೆ ಎನ್ನುವುದರೊಳಗೆ, ಹಿಂದಿನ ಸೀಟಿನಲ್ಲಿ ಅವನ ಪಕ್ಕ ಕೂತಿದ್ದ ನಾನು ಮುಂದಕ್ಕೆ ಬಾಗಿ ಗುಂಡಿ ಒತ್ತಿದ್ದೆ. ಅವನು ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಎಡಗಡೆ ಕೂತಿದ್ದ, ಹಿಡಿಕೆಯಿದ್ದದ್ದು ಸತ್ತ ಕೈಯ ಬದಿಗೆ. ಬಲಗೈಯನ್ನು ಅಡ್ಡ ಚಾಚಿ ತಡಕಾಡುತ್ತಿರುವಾಗಲೇ ಡಗ್ಗ ಬಿತ್ತು.

ಬರಿಯ ಗುಂ. ಸೀಟಿನ ಬೆನ್ನಿನಿಂದ ಹೊರಟು ಅವನ ಬೆನ್ನಿಗೆ ಬಂದು ತಾಗಿತು. ಇಷ್ಟು ದಿನ ನನಗೆ ಎದುರು ನಿಂತಿದ್ದ ಆ ಬೆನ್ನು ನೆಟ್ಟಗಾಯಿತು. ಹಿಡಿಕೆಯಿಂದ ಕೈ ತೆಗೆದ. ಅಂಗೈ ಜಾರಿಸಿ ಗುಂಕಾರವನ್ನು ಬಗ್ಗಿಸಿದ ಕಡೆ ಅವನ ಬಲಭುಜ ತಾನಾಗಿ ಕೆಳಗಿಳಿಯಿತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಒಂದು ಮಾತು. ಇದು ನಾನೇ ಎಂದರೆ ಸಾಕಿತ್ತು. ಚೆನ್ನಾಗಿದೆ ಎಂದರೆ ಈ ಜನ್ಮಕ್ಕೆ ಸಾಕಿತ್ತು.

"ಥೂ, ಹಾಳಾದೋನೆ," ಎಂದ ಅಪ್ಪ.

ನನಗೆ ಅರ್ಥವಾಗಲಿಲ್ಲ.

"ಲಯ ಬಿಟ್ಟು ಓಡ್ತಾನೆ ನೋಡು. ಚರಣ ಮುಗಿಯಾಕಿಂತ ಮುಂಚೆ ಎಡಗೈ ಬಿಟ್ಟಾನೆ. ಯಾರಾದ್ರೂ ಹಿಂಗೆ ಬಾರಿಸ್ತಾರಾ? ಕತ್ತೆ."

ನನ್ನೊಳಗಿದ್ದದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಪೆಟ್ಟಿಗೆ, ಹೆಬ್ಬೆರಳು, ಝರ್ರ್, ಅಂಗಡಿಯವರ ನಗು, ಕುಪ್ಪಗಡ್ಡೆಯ ಬಸ್ಸು, ಎಲ್ಲ. ಭಾಯ್ ಮುಂದೆ ಕೂತಿದ್ದಾರೆಂಬ ಪರಿವೆಯೂ ಇಲ್ಲದೆ ಕೂಗಿಬಿಟ್ಟೆ. "ನಿನ್ನ ಕೈ ನಿಂಗೆ ಕೇಳಿಸ್ಬೇಕು ಅಂತ ನಾನು ಸಾಯ್ತಿದೀನಿ, ನೀನು ತಪ್ಪು ಹುಡುಕ್ತಾ ಕೂತಿದ್ದಿ. ಚೆನ್ನಾಗೈತಿ ಅಂತ ಒಂದ್ಸಲ ಅಂದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪ?"

ಅಪ್ಪ ನನ್ನ ಕಡೆ ತಿರುಗಿದ. ಎಷ್ಟೋ ತಿಂಗಳ ಮೇಲೆ ಅವನ ಮುಖ ಪೂರ್ತಿ ನನಗೆದುರಾಗಿತ್ತು, ಕಣ್ಣು ಕೆಂಡವಾಗಿದ್ದವು.

"ಚೆನ್ನಾಗೈತಿ ಅಂತ ಕಂಡೋರ ಕೈಗೆ ಹೇಳ್ತಾರೆ," ಎಂದ. "ನನ್ನ ಕೈನ ನಾನು ಬೈದೆ ಇನ್ಯಾರನ್ನ ಬೈಲಿ?"

ಆಮೇಲೆ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಅಂಗೈ ಕೆಳಗೆ ಮಾಡಿ ಇಟ್ಟುಕೊಂಡ. ಡಗ್ಗದ ಮೇಲೆ ಇಡುವ ಹಾಗೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಹಿಂದಕ್ಕೆ ಓಡ್ಸು ಅದನ್ನ," ಎಂದ. "ಆ ತಪ್ಪು ಇನ್ನೊಂದ್ಸಲ ಕೇಳಿಸು."